ಗಂಡನ ಕೋಟು ತೊಟ್ಟ ಪೀಪಾಯಿ

ಸ್ಪಾಸ್ ಸಾಯುವ ಹಿಂದಿನ ದಿನ ನಾವಿಬ್ಬರೂ ಎಲೆಕೋಸಿನ ವಿಷಯಕ್ಕೆ ಜಗಳವಾಡಿದೆವು. ಅದರಲ್ಲಿ ವಿಶೇಷವೇನೂ ಇಲ್ಲ. ನವೆಂಬರ್ ಬಂತೆಂದರೆ ನಮ್ಮ ಬೆರ್ಕೊವಿತ್ಸಾ ಊರಿನಲ್ಲಿ ಕೋಸಿನ ವಿಷಯಕ್ಕೆ ಜಗಳವಾಡದ ಗಂಡ ಹೆಂಡತಿ ಇಲ್ಲ. ಚಳಿಗಾಲಕ್ಕೆಂದು ಕೋಸು ಹುಳಿ ಹಾಕಲು ಉಪ್ಪು ಎಷ್ಟು, ನೀರು ಎಷ್ಟು, ಮೇಲೆ ಹೇರುವ ಕಲ್ಲು ಯಾವುದು, ಇದರಲ್ಲೇ ತಿಂಗಳು ಕಳೆಯುತ್ತದೆ.

ನಮ್ಮ ಮನೆಯಲ್ಲಿ ಪೀಪಾಯಿ ಸ್ಪಾಸ್‌ನದು. ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದ, ಅಡುಗೆಮನೆ ನಿನ್ನದು, ನೆಲಮಾಳಿಗೆ ನನ್ನದು ಎಂದು. ಇಡೀ ಇಡೀ ಕೋಸುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಒಂದು ಹಿಡಿ ಮುಸುಕಿನ ಜೋಳ ಎರಚಿ, ಪರಿಮಳಕ್ಕೆ ಸೇಬಿನಂಥ ಹಳದಿ ದ್ಯುಲಾ ಹಣ್ಣು ಇಟ್ಟು, ತಳದವರೆಗೆ ಒಂದು ರಬ್ಬರ್ ಪೈಪು ಇಳಿಬಿಡುತ್ತಿದ್ದ. ಆಮೇಲೆ ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಆ ಪೈಪನ್ನು ಬಾಯಿಗಿಟ್ಟು ಊದುವುದು. ಊದಿದರೆ ತಳದ ಉಪ್ಪು ಮೇಲೆ ಬರುತ್ತದೆ, ನೀರು ಲೋಳೆಯಾಗುವುದಿಲ್ಲ. ಎಲ್ಲರೂ ಊದುತ್ತಾರೆ. ಆದರೆ ನನ್ನ ಗಂಡನಷ್ಟು ಶ್ರದ್ಧೆಯಿಂದ ಯಾರೂ ಊದುತ್ತಿರಲಿಲ್ಲ. ಮಳೆಯಿರಲಿ ಹಿಮವಿರಲಿ, ನವೆಂಬರಿನಿಂದ ಮಾರ್ಚಿನವರೆಗೆ ಒಂದು ದಿನವೂ ತಪ್ಪಿಸಿದವನಲ್ಲ. ಚರ್ಚಿಗೆ ಅಷ್ಟು ನಿಷ್ಠೆಯಿಂದ ಹೋಗಿದ್ದರೆ ಅವನನ್ನು ಸಂತನೆಂದು ಗೋಡೆಯ ಮೇಲೆ ಬರೆಯುತ್ತಿದ್ದರು.

ಆ ದಿನವೂ ಊದಿ ಮೇಲೆ ಬಂದ. ಕೆನ್ನೆ ಕೆಂಪಗೆ. ಕಣ್ಣಲ್ಲಿ ನಗು.

"ನಿನ್ನ ಬಾಯೆಲ್ಲಾ ದ್ಯುಲಾ ವಾಸನೆ. ಎಷ್ಟು ಹಣ್ಣು ಹಾಕಿದೀಯ ಅದಕ್ಕೆ?" ಎಂದೆ.

"ಎರಡು."

"ಒಂದು ಸಾಕು ಅಂತ ಹೇಳಿದ್ದೆ."

"ಹೇಳಿದ್ದೆ. ನಾನು ಕೇಳಲಿಲ್ಲ."

"ಮುಖ ನೋಡ್ಕೋ, ಟೊಮೇಟೊ ಆಗಿದೆ."

"ಕೋಸು ಊದೋದು ಅಂದ್ರೆ ಸುಮ್ನೆನಾ ಮುದುಕಿ? ಎದೆ ಬೇಕು, ಎದೆ" ಎಂದು ನನ್ನ ಗಲ್ಲ ಹಿಂಡಿ ಹೋದ.

ಮರುದಿನ ಬ್ರೆಡ್ಡು ತರಲು ಹೋದವನು ಬೇಕರಿಯ ಮೆಟ್ಟಿಲ ಮೇಲೆ ಕುಸಿದ. ಮನೆಗೆ ಹೊತ್ತು ತಂದಾಗಲೂ ಬ್ರೆಡ್ಡು ಅವನ ಕಂಕುಳಲ್ಲೇ ಇತ್ತು. ಇನ್ನೂ ಬಿಸಿ ಇತ್ತು.

ಅದರ ಬಗ್ಗೆ ಇಷ್ಟು ಸಾಕು. ನಾನು ಹೇಳಹೊರಟದ್ದು ಪೀಪಾಯಿಯ ವಿಷಯ.

ಸ್ಪಾಸ್‌ಗೆ ಒಬ್ಬ ತಂಗಿ, ರೈನಾ. ಗಡಿಯಾಚೆ ಸರ್ಬಿಯದ ಪಿರೋಟಿನಲ್ಲಿ ಇರುತ್ತಾಳೆ. ಅವರಿಬ್ಬರೂ ಹುಟ್ಟಿದ ಮನೆ ಅದೇ. ನಾಲಿಗೆ ಚೂಪು, ಕಣ್ಣು ಅದಕ್ಕಿಂತ ಚೂಪು. ಅಣ್ಣನ ಮಣ್ಣಿಗೆ ಬಂದು ಹೋದವಳು ವಾರದಲ್ಲೇ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ನಲವತ್ತನೆಯ ದಿನ ಹತ್ತಿರ ಬಂದಾಗ ಫೋನು ಮಾಡಿದಳು. ತಾನು ಬರಲಾರೆ, ನೀನೇ ಬಾ, ಅವನು ಹುಟ್ಟಿದ ಮನೆಯಲ್ಲೇ ಅವನ ಹೆಸರಿನ ಊಟ ಬಡಿಸೋಣ, ಎರಡು ವಾರ ಇದ್ದು ಹೋಗು ಎಂದಳು. ಒಳ್ಳೆಯ ಮಾತೇ ಆಡಿದಳು. ನಾನೂ ಒಪ್ಪಿಕೊಂಡೆ. ಊಟಕ್ಕೆ ಸ್ಪಾಸ್‌ನ ಕೋಸಿನ ಎಲೆಯಲ್ಲೇ ಅಕ್ಕಿ ಸುತ್ತಿ ಸರ್ಮಿ ಮಾಡೋಣ ಎಂದೆ. ಅಲ್ಲಿಗೆ ಒಳ್ಳೆಯ ಮಾತು ಮುಗಿಯಿತು.

"ಅಣ್ಣ ಹೋದ್ಮೇಲೆ ಅದನ್ನ ಯಾರು ನೋಡ್ಕೊಂಡಿದಾರೆ ಅತ್ತಿಗೆ? ಇಷ್ಟೊತ್ತಿಗೆ ಲೋಳೆ ಆಗಿರುತ್ತೆ. ನಿನಗೆ ಅದೆಲ್ಲ ಬರಲ್ಲ. ನಾನಿಲ್ಲೇ ಅಂಗಡೀಲಿ ತರಿಸ್ತೀನಿ ಬಿಡು."

ಅಂಗಡಿಯ ಕೋಸು! ಸ್ಪಾಸ್‌ನ ಹೆಸರಿನ ಊಟಕ್ಕೆ!

ಮಣ್ಣು ಮಾಡಿ ಬಂದ ದಿನದಿಂದ ದಿನಾ ಬೆಳಿಗ್ಗೆ ನಾನೇ ಊದುತ್ತಿದ್ದೆ. ಮೊದಲ ದಿನ ತಲೆ ತಿರುಗಿ ಮೆಟ್ಟಿಲ ಮೇಲೆ ಕೂತೆ. ಎರಡನೇ ದಿನ ಉಪ್ಪುನೀರು ಬಾಯಿಗೆ ಬಂತು. ಆಮೇಲೆ ಅಭ್ಯಾಸವಾಯಿತು. ಒಂದು ಎಲೆಯೂ ಕೆಟ್ಟಿರಲಿಲ್ಲ. ಈ ಊರಿನಲ್ಲಿ ನನಗಿಂತ ಚೆನ್ನಾಗಿ ಊದುವ ಹೆಂಗಸು ಯಾರಿದ್ದಾರೆ ಎಂಬಲ್ಲಿಗೆ ಬಂದು ಮುಟ್ಟಿದ್ದೆ.

"ಪೀಪಾಯಿಗೆ ಪೀಪಾಯೀನೇ ತರ್ತೀನಿ ರೈನಾ. ಒಂದೇ ಒಂದು ಎಲೆ ಮೆತ್ತಗಾಗಿದ್ರೆ ನನ್ನ ಹೆಸರು ವೆಲಿಚ್ಕಾ ಅಲ್ಲ" ಎಂದು ಫೋನು ಇಟ್ಟೆ.

ಇಟ್ಟ ಮೇಲೆ ಯೋಚನೆ ಬಂತು. ಚಳಿಗಾಲದಲ್ಲಿ, ಪೆಟ್ರೊಹಾನ್ ಘಾಟಿ ಹತ್ತಿ ಇಳಿದು, ಗಡಿ ದಾಟಿ, ತುಂಬಿದ ಪೀಪಾಯಿ ತೆಗೆದುಕೊಂಡು ಹೋಗುವುದು ಎಂದರೆ ಏನು! ನಾಲ್ಕು ಕೋಸು ಚೀಲಕ್ಕೆ ಹಾಕಿಕೊಂಡು ಹೋಗಬಹುದಿತ್ತು. ಆದರೆ ಎರಡು ವಾರ ನಾನಿಲ್ಲದಿದ್ದರೆ ಉಳಿದದ್ದನ್ನು ಊದುವವರು ಯಾರು? ಪಕ್ಕದ ಮನೆಯ ಕಿರೋನನ್ನು ಕೇಳಿದೆ. ಅವನು ಹಗಲೆಲ್ಲ ಸಿಗರೇಟು ಸೇದುವವನು. ಒಂದು ಸಲ ಊದಿ ತೋರಿಸಿದ. ಪೀಪಾಯಿಗಿಂತ ಅವನೇ ಹೆಚ್ಚು ಗುಳುಗುಳು ಅಂದ. ಬೇಡಪ್ಪಾ, ಎರಡನೇ ಹೆಣ ಹೊರುವ ಶಕ್ತಿ ನನಗಿಲ್ಲ ಎಂದೆ.

ಪೀಪಾಯಿ ದೊಡ್ಡದೇನಲ್ಲ, ನಮ್ಮಿಬ್ಬರಿಗೆ ಸಾಕಾಗುವಂಥದು. ನೀಲಿ ಪ್ಲಾಸ್ಟಿಕ್ಕು, ಕರಿ ಮುಚ್ಚಳ, ಮುಚ್ಚಳದ ತೂತಿನಿಂದ ಪೈಪು ಹೊರಗೆ. ಅರ್ಧ ನೀರು ತೆಗೆದರೆ ಇಬ್ಬರು ಎತ್ತಬಹುದು.

ಬಸ್ಸಿನ ಡ್ರೈವರು ಟೋಶ್ಕೊ ಹತ್ತಿರ ಮೊದಲೇ ವಿಚಾರಿಸಿದೆ. ಅವನು ಕೈ ಮುಗಿದ. ಹಿಂದೊಂದು ವರ್ಷ ಯಾರದೋ ಪೀಪಾಯಿ ಬಸ್ಸೊಳಗೆ ಉರುಳಿ, ಈಸ್ಟರ್ ಹಬ್ಬದವರೆಗೂ ಬಸ್ಸು ನಾರುತ್ತಿತ್ತಂತೆ. ಕೋಸು ಏನಿದ್ದರೂ ಕೆಳಗಿನ ಸಾಮಾನಿನ ಗೂಡಿಗೆ, ಮೇಲೆ ಮನುಷ್ಯರು ಮಾತ್ರ ಎಂದ. ಗೂಡಿನಲ್ಲಿ ಇಟ್ಟರೆ ಘಾಟಿಯ ಚಳಿಗೆ ಕೋಸು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಕೋಸು ಕರಗಿದರೆ ಒರೆಸುವ ಬಟ್ಟೆ. ಅದನ್ನು ರೈನಾಳ ಮುಂದೆ ಇಡುವುದಕ್ಕಿಂತ ನಾನೇ ಗೂಡಿನಲ್ಲಿ ಮಲಗುವುದು ವಾಸಿ.

ಮೇಲೆ ಮನುಷ್ಯರು ಮಾತ್ರ. ಸರಿ, ಹಾಗಾದರೆ ಮನುಷ್ಯನನ್ನೇ ಮಾಡೋಣ ಎಂದುಕೊಂಡೆ.

ಎರಡು ಟಿಕೆಟ್ ತೆಗೆದೆ. ಬಸ್ಸು ಡ್ಯಾನ್ಯೂಬ್ ದಡದ ಊರಿನಿಂದ ಬರುತ್ತದೆ, ನಮ್ಮಲ್ಲಿ ಕಾಫಿಗೆ ನಿಲ್ಲುತ್ತದೆ. ಆ ದಿನ ನಮ್ಮ ಊರಿನಿಂದ ಹತ್ತುವವಳು ನಾನೊಬ್ಬಳೇ. ಎಲ್ಲರೂ ಕಾಫಿಗೆ ಇಳಿದಾಗ ನಾನೂ ಕಿರೋನೂ ಹಿಮದ ಮೇಲೆ ಎಳೆದು ತಂದ ಜಾರುಬಂಡಿಯ ಮೇಲಿದ್ದ ಪೀಪಾಯಿಯನ್ನು ಹಿಂಬಾಗಿಲಿನಿಂದ ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದೆವು. ಸ್ಪಾಸ್‌ನ ಕರಿ ಕೋಟು ತೊಡಿಸಿದೆ. ಗುಂಡಿ ಹಾಕಿದೆ. ಪೈಪನ್ನು ಕಾಲರಿನೊಳಗೆ ತುರುಕಿದೆ. ಮುಚ್ಚಳದ ಮೇಲೆ ದಿಂಬು ಸುತ್ತಿಟ್ಟು ಮಫ್ಲರ್ ಕಟ್ಟಿ ಅವನ ಕುರಿತುಪ್ಪಟದ ಟೊಪ್ಪಿ ಹಾಕಿದೆ. ಕಿರೋ ಹಿಂದೆ ಸರಿದು ನೋಡಿದ.

"ಬದುಕಿದ್ದಾಗ ಇಷ್ಟು ನೆಟ್ಟಗೆ ಕೂರ್ತಿರಲಿಲ್ಲ" ಎಂದ.

"ಬಾಯ್ಮುಚ್ಕೊಂಡು ಇಳಿ" ಎಂದೆ. ಇಬ್ಬರಿಗೂ ನಗು ಬಂತು. ಅವನ ಮರಣದ ನಂತರ ನಾನು ನಕ್ಕದ್ದು ಅದೇ ಮೊದಲು.

ನಾನೂ ಇಳಿದು ನೋಡಿದರೆ ಡ್ರೈವರ್ ಟೋಶ್ಕೊ ಕಾಫಿ ಹಿಡಿದುಕೊಂಡು ನಿಲ್ದಾಣದ ಬಾಗಿಲಿನ ಮುಂದೆ ನಿಂತಿದ್ದಾನೆ. ಬಾಗಿಲ ಮೇಲೆ ಸ್ಪಾಸ್‌ನ ನಲವತ್ತರ ಚೀಟಿ. ಸತ್ತವರ ಫೋಟೊ ಹಾಕಿ, ಕಪ್ಪು ಗೀಟು ಬಳಿದು, ಬಾಗಿಲು ಕಂಬಗಳಿಗೆ ನಾವು ಅಂಟಿಸುವಂಥದು. ಹಿಂದಿನ ದಿನ ನಾನೇ ಅಂಟಿಸಿದ್ದೆ. ಫೋಟೊದಲ್ಲಿ ಅದೇ ಟೊಪ್ಪಿ! ಟೋಶ್ಕೊ ಓದಿ ಮುಗಿಸಿ ತನ್ನ ಟೊಪ್ಪಿ ತೆಗೆದ.

"ಒಳ್ಳೆ ಮುಖ. ಪಾಪ" ಎಂದ.

"ಹೂಂ" ಎಂದು ನಾನು ಬೇಗಬೇಗನೆ ಬಸ್ಸು ಹತ್ತಿದೆ.

ನನ್ನ ಲೆಕ್ಕಾಚಾರ ಹೀಗಿತ್ತು: ಘಾಟಿ ಇಳಿದು ಗಡಿ ಹತ್ತಿರ ಬಂದಾಗ ಕೋಟು ಬಿಚ್ಚಿ, ಇದು ಪೀಪಾಯಿ, ಬೈಯುವುದಿದ್ದರೆ ಬೈಯಿರಿ ಎನ್ನುವುದು. ಅಷ್ಟು ಹೊತ್ತಿಗೆ ಚಳಿಯ ಜಾಗ ದಾಟಿರುತ್ತದೆ. ಇದಕ್ಕಿಂತ ಜಾಣ ಉಪಾಯ ರಾಜರ ಕಾಲದಲ್ಲೂ ಯಾರೂ ಹೂಡಿರಲಿಕ್ಕಿಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಟೋಶ್ಕೊ ಟಿಕೆಟ್ ನೋಡಲು ಬಂದ. ಎರಡೂ ಕೊಟ್ಟೆ. ಅಜ್ಜ ಮಲಗಿದ್ದಾರಾ ಎಂದು ಪಿಸುಗುಟ್ಟಿದ. ಎದ್ದರೆ ಕಷ್ಟ ಎಂದೆ. ಅದು ನಿಜವೇ.

ಬಸ್ಸು ಹೊರಟಿತು. ಹೊರಗೆ ಹಿಮ, ಒಳಗೆ ಬ್ರೆಡ್ಡಿನ ಒಲೆಯಂಥ ಸೆಕೆ. ಟೋಶ್ಕೊ ಹೀಟರನ್ನು ಪೂರ್ತಿ ತಿರುಗಿಸಿದ್ದ. ಹುಳಿ ಹಿಡಿದ ಕೋಸಿಗೆ ಸೆಕೆ ತಾಗಿದರೆ ಗಾಳಿ ಕಟ್ಟುತ್ತದೆ. ಮೊದಲ ತಿರುವಿನಲ್ಲೇ ಕೋಟಿನೊಳಗಿಂದ ಗುಳುಕ್ ಎಂದಿತು. ಎರಡನೇ ತಿರುವಿನಲ್ಲಿ ಉದ್ದನೆಯ ತೇಗು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ.

ಆಚೆ ಬದಿಯ ಸೀಟಿನಲ್ಲಿ ದೊನ್ಕಾ ಎಂಬವಳು ಕೂತಿದ್ದಳು. ಅಗಲವಾದ ಹೆಂಗಸು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು ಎಂಬುದನ್ನು ಕೂತ ಕೂಡಲೇ ಇಡೀ ಬಸ್ಸಿಗೆ ಹೇಳಿದ್ದಳು. ಮೂಗು ಅರಳಿಸಿ ನನ್ನ ಕಡೆ ಬಾಗಿದಳು.

"ಯಜಮಾನರು ಏನು ತಿಂದಿದಾರೆ?"

"ಕೋಸು."

"ಎಷ್ಟು?"

"ಕಂಠದವರೆಗೆ."

ಒಂದು ಸುಳ್ಳನ್ನೂ ಹೇಳಲಿಲ್ಲ. ಇದನ್ನು ದಯವಿಟ್ಟು ಗಮನಿಸಿ.

ಕೈ ಕೊಡಿ, ನಾಡಿ ನೋಡುತ್ತೇನೆ ಎಂದು ಅವಳು ಕೋಟಿನ ತೋಳಿಗೆ ಕೈಹಾಕಿದಳು. ಪರಸ್ತ್ರೀಯರು ಮುಟ್ಟಿದರೆ ಅವನಿಗೆ ಆಗುವುದಿಲ್ಲ ಎಂದು ಅಡ್ಡ ಬಂದೆ. ಬದುಕಿದ್ದಾಗ ಅವನ ಬಗ್ಗೆ ಈ ಮಾತು ಹೇಳಿದ್ದರೆ ಊರೆಲ್ಲಾ ನಗುತ್ತಿತ್ತು.

ಘಾಟಿಯ ನೆತ್ತಿಗೆ ಬರುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ವಾಹನಗಳ ಸಾಲು. ಹಿಮ ತೆಗೆಯುವ ಯಂತ್ರ ರಸ್ತೆಯ ಪಕ್ಕದ ಹೋಟೆಲಿನ ಮುಂದೆ ನಿಂತಿದೆ, ಅದರವರು ಒಳಗೆ ಸೂಪು ಕುಡಿಯುತ್ತಿದ್ದಾರೆ. ಊಟ ಮುಗಿಯದೆ ಅವರು ಏಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಜನ ಚೀಲ ಬಿಚ್ಚಿ ಬ್ರೆಡ್ಡು, ಮೊಟ್ಟೆ ತೆಗೆದರು. ಹೀಟರು ಉರಿಯುತ್ತಲೇ ಇತ್ತು.

ಆಗ ನನಗೆ ನೆನಪಾಯಿತು. ಹೊರಡುವ ಗಡಿಬಿಡಿಯಲ್ಲಿ ಬೆಳಿಗ್ಗೆ ಊದಿರಲಿಲ್ಲ.

ನೋಡುತ್ತೇನೆ, ಟೊಪ್ಪಿ ಮೆಲ್ಲಗೆ ಮೇಲೇಳುತ್ತಿದೆ. ಕೆಳಗೆ ಮುಚ್ಚಳ ಉಬ್ಬುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚಳ ಹಾರಿ ಉಪ್ಪುನೀರು ಟೋಶ್ಕೊನ ಬಸ್ಸಿಗೆ ಅಭಿಷೇಕವಾಗುವುದು ಖಂಡಿತ. ಮಫ್ಲರ್ ಸಡಿಲಿಸಿದೆ. ಪೈಪಿನ ತುದಿ ಕಾಲರಿನಿಂದ ಹೊರಗೆ ಜಾರಿತು.

ದೊನ್ಕಾ ನೋಡಿಬಿಟ್ಟಳು. ಒಂದು ಕ್ಷಣ ಅವಳ ಮುಖದ ಸಿಟ್ಟೆಲ್ಲ ಇಳಿಯಿತು.

"ಅಯ್ಯೋ ತಾಯಿ. ಗಂಟಲಿಗೆ ಪೈಪು ಹಾಕಿದಾರಾ? ಮೊದಲೇ ಹೇಳಬಾರದಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎದ್ದು ನಿಂತು ಹಿಂದಕ್ಕೂ ಮುಂದಕ್ಕೂ ತಿರುಗಿ, ಇದು ಗಂಟಲಿನ ಆಪರೇಷನ್ ಆದವರು, ಯಾರೂ ಗಲಾಟೆ ಮಾಡಬೇಡಿ, ಮೊಟ್ಟೆಯ ಸಿಪ್ಪೆ ಕೆಳಗೆ ಹಾಕಬೇಡಿ ಎಂದು ಅಪ್ಪಣೆ ಕೊಟ್ಟಳು. ಬಸ್ಸು ಗಪ್ಪನೆ ಸುಮ್ಮನಾಯಿತು. ಆ ಮೌನದಲ್ಲಿ ಕೋಟು ಮತ್ತೆ ಗುಳುಗುಳು ಎಂದಿತು.

"ಉಸಿರು ಕಟ್ತಾ ಇದೆ!" ಎಂದಳು ದೊನ್ಕಾ.

ಬೇರೆ ದಾರಿ ಇರಲಿಲ್ಲ. ಪೈಪನ್ನು ಬಾಯಿಗಿಟ್ಟು ಊದಿದೆ.

ದಿನಾ ಊದುವ ಹಾಗೆಯೇ ಊದಿದೆ. ಒಳಗೆಲ್ಲಾ ಗುಳುಗುಳು ಓಡಾಡಿ, ಗಾಳಿ, ಮಫ್ಲರ್ ಸಡಿಲಾದ ಮುಚ್ಚಳದ ಸಂದಿಯಿಂದ ನಿಧಾನವಾಗಿ ಹೊರಟು, ಉಬ್ಬಿದ್ದು ಇಳಿಯಿತು. ಟೊಪ್ಪಿ ಕೆಳಗೆ ಕೂತಿತು, ತಲೆ ಬಾಗಿಸಿ ಸಾಕು ಎಂದ ಹಾಗೆ. ಮತ್ತೆ ಊದಿದೆ. ಬಾಯಿಗೆ ದ್ಯುಲಾ ಪರಿಮಳ ಬಂತು. ಎಲ್ಲಿದ್ದೇನೆ ಎಂಬುದು ಸ್ವಲ್ಪ ಹೊತ್ತು ಮರೆತುಹೋಯಿತು.

ತಲೆ ಎತ್ತಿದರೆ ಇಡೀ ಬಸ್ಸು ಎದ್ದು ನಿಂತಿದೆ. ಮುಂದಿನ ಸೀಟಿನ ಮುದುಕ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದಾನೆ. ದೊನ್ಕಾಳ ಕಣ್ಣಲ್ಲಿ ನೀರು.

"ತನ್ನ ಉಸಿರನ್ನೇ ಕೊಡ್ತಾ ಇದಾಳೆ. ಹೆಂಡತಿ ಅಂದ್ರೆ ಇದು. ನೋಡ್ಕೊಳ್ರಿ" ಎಂದು ಬಸ್ಸಿನಲ್ಲಿದ್ದ ಹೆಂಗಸರಿಗೆಲ್ಲ ಬೈದಳು.

ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಟೋಶ್ಕೊ ಆಗಲೇ ಇಳಿದು ಓಡಿದ್ದ. ಹೋಟೆಲಿನೊಳಗೆ ಹೋಗಿ ಏನು ಹೇಳಿದನೋ, ಯಂತ್ರದವರು ಬಾಯೊರೆಸಿಕೊಳ್ಳುತ್ತಾ ಹೊರಗೆ ಬಂದರು. ಅರ್ಧ ಸೂಪು ಬಿಟ್ಟು ಅವರು ಎದ್ದದ್ದನ್ನು ಆ ಘಾಟಿ ಅದುವರೆಗೆ ಕಂಡಿರಲಿಲ್ಲ. ಯಂತ್ರ ಸಾಲನ್ನು ದಾಟಿ ಮುಂದೆ ಬಂದು, ತಲೆಯ ಮೇಲೆ ಹಳದಿ ದೀಪ ತಿರುಗಿಸುತ್ತಾ, ಹಿಮವನ್ನು ಎರಡೂ ಕಡೆ ಹಾರಿಸುತ್ತಾ ನಡೆಯಿತು. ಹಿಂದೆ ನಮ್ಮ ಬಸ್ಸು. ಪಕ್ಕದಲ್ಲಿ ಲಾರಿಯವರು ಹಾರ್ನ್ ಬಾರಿಸದೆ ನಿಂತು ನೋಡುತ್ತಿದ್ದರು. ಮಂತ್ರಿಗಳಿಗೂ ಸಿಗದ ಮೆರವಣಿಗೆ, ನೀಲಿ ಪೀಪಾಯಿಗೆ! ಅದು ಕಿಟಕಿಯ ಪಕ್ಕ ಕೂತು ಗಂಭೀರವಾಗಿ ಎಲ್ಲವನ್ನೂ ಸ್ವೀಕರಿಸಿತು.

ನಾನು ಬೆವರುತ್ತಿದ್ದೆ. ದೊನ್ಕಾ ನನಗೆ ಕರವಸ್ತ್ರ ಕೊಟ್ಟಳು, ನೀರು ಕೊಟ್ಟಳು, ಒಂದು ಕೋಳಿಯ ಕಾಲು ಕೊಟ್ಟಳು. ಇದು ಮಾಂಸ ಬಿಡುವ ಉಪವಾಸದ ಕಾಲ ಎಂದೆ. ನಿನ್ನಂಥವಳಿಗೆ ದೇವರು ಲೆಕ್ಕ ಹಿಡಿಯುವುದಿಲ್ಲ ಎಂದಳು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡೆ. ಘಾಟಿ ಇಳಿದಾಗಿನಿಂದ ಪ್ರತಿ ತಿರುವಿನಲ್ಲೂ, ಈಗ ಹೇಳುತ್ತೇನೆ, ಮುಂದಿನ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ರಸ್ತೆಯ ತಿರುವುಗಳು ಮುಗಿದವು. ಗಡಿ ಬಂತು.

ಅಲ್ಲಿ ಆಂಬುಲೆನ್ಸ್ ನಿಂತಿತ್ತು.

ಟೋಶ್ಕೊ ಮುಂಚೆಯೇ ಫೋನು ಮಾಡಿದ್ದನಂತೆ. ಪುಣ್ಯಾತ್ಮ! ಬಾಗಿಲು ತೆರೆಯಿತು. ಒಬ್ಬ ಡಾಕ್ಟರು, ಸ್ಟ್ರೆಚರ್ ಹಿಡಿದ ಇಬ್ಬರು, ಅವರ ಹಿಂದೆ ಗಡಿಯ ಅಧಿಕಾರಿ, ತೆಳ್ಳಗಿನ ಮೀಸೆಯ ಯುವಕ. ದೊನ್ಕಾ ದಾರಿ ಬಿಡಿಸುತ್ತಾ, ರೋಗಿಯ ಹೊಟ್ಟೆ ಉಬ್ಬರಿಸಿದೆ, ಮೈ ಕಲ್ಲಿನಂತೆ ಗಟ್ಟಿಯಾಗಿದೆ ಎಂದು ವರದಿ ಒಪ್ಪಿಸುತ್ತಿದ್ದಳು. ನಾನು ಎದ್ದು ಅಡ್ಡ ನಿಂತೆ. ಡಾಕ್ಟರು ನನ್ನನ್ನು ಮೆತ್ತಗೆ ಸರಿಸಿ, ಕೋಟಿನ ಗುಂಡಿ ಬಿಚ್ಚಿದರು. ಒಂದು. ಎರಡು. ಆಮೇಲೆ ಬೆರಳಿನಿಂದ ತಟ್ಟಿ ನೋಡಿದರು. ಟೊಕ್ ಟೊಕ್ ಎಂದಿತು.

"ಅಮ್ಮಾ, ಇದು ಯಾರು?"

"ಕೋಸು."

"ನಿಮ್ಮ ಯಜಮಾನರು ಎಲ್ಲಿ?"

"ಊರಲ್ಲಿ. ಸ್ಮಶಾನದಲ್ಲಿ. ನಾಳೆಗೆ ನಲವತ್ತನೇ ದಿನ."

ಮುದುಕ ಟೊಪ್ಪಿ ಮತ್ತೆ ಹಾಕಿಕೊಂಡ. ದೊನ್ಕಾ ಕೂತಳು, ಎದ್ದಳು, ಮತ್ತೆ ಕೂತಳು.

"ನಾನು ಅತ್ತುಬಿಟ್ಟೆ. ಕೋಸಿಗೋಸ್ಕರ ಅತ್ತುಬಿಟ್ಟೆ ನಾನು" ಎಂದಳು.

ಟೋಶ್ಕೊನ ಮುಖ ಬೆಂಕಿಯಾಗಿತ್ತು. ಯಂತ್ರದವರ ಸೂಪು, ಆಂಬುಲೆನ್ಸು, ತನ್ನ ಮರ್ಯಾದೆ, ಎಲ್ಲವನ್ನೂ ಒಂದೊಂದಾಗಿ ಎತ್ತಿ ಬೈದ. ಬೈಯುತ್ತಾ ಬೈಯುತ್ತಾ ಸೀಟಿನ ಮೇಲೆ ಬಿದ್ದಿದ್ದ ಟೊಪ್ಪಿ ಕೈಗೆ ಬಂತು. ತಿರುಗಿಸಿ ನೋಡಿದ.

"ಬಾಗಿಲ ಮೇಲಿನ ಚೀಟಿ. ಅವರೇನಾ?"

ಹೌದು ಎಂದೆ. ಅವನು ಮುಂದೆ ಬೈಯಲಿಲ್ಲ.

ಆದರೆ ಅಧಿಕಾರಿಗೆ ಚೀಟಿ ಗೊತ್ತಿಲ್ಲ, ನಿಯಮ ಗೊತ್ತು. ಪೀಪಾಯಿಗಟ್ಟಲೆ ತಿನ್ನುವ ಪದಾರ್ಥ ಗಡಿ ದಾಟುವಂತಿಲ್ಲ, ಇಲ್ಲೇ ಚರಂಡಿಗೆ ಸುರಿಯಿರಿ, ಇಲ್ಲವಾದರೆ ಪೀಪಾಯಿ ಸಮೇತ ವಾಪಸ್ಸು ಹೋಗಿ ಎಂದ. ಚರಂಡಿಗೆ! ಬೇಡಿಕೊಂಡೆ. ನನಗೆ ಬೇಡುವುದು ಬರುವುದಿಲ್ಲ, ಬೈಯುವುದು ಮಾತ್ರ ಬರುತ್ತದೆ. ಆದರೂ ಬೇಡಿಕೊಂಡೆ. ಇದು ಅವನು ಕೈಯಾರೆ ಹಾಕಿದ ಕಡೇ ಪೀಪಾಯಿ, ಅವನು ಸಾಯುವ ಹಿಂದಿನ ದಿನದವರೆಗೆ ಊದಿದ್ದು, ಆಮೇಲಿನದು ನಾನು ಊದಿದ್ದು, ಇದರೊಳಗೆ ಬೇರೆ ಏನೂ ಇಲ್ಲ ಎಂದೆ.

ಒಳಗೆ ಬೇರೆ ಏನೂ ಇಲ್ಲವೆಂದು ನೋಡಲು ಅಧಿಕಾರಿ ಮುಚ್ಚಳ ತೆಗೆಸಿದ. ಪರಿಮಳ ಬಂತು. ಬಸ್ಸಿನವರೆಲ್ಲ ಕತ್ತು ಚಾಚಿದರು. ಡಾಕ್ಟರು ಕೇಳದೆಯೇ ಒಂದು ಎಲೆಯ ತುದಿ ಹರಿದು ಬಾಯಿಗೆ ಹಾಕಿಕೊಂಡರು. ಕರುಂ ಎಂದಿತು. ಸತ್ತವರ ಹೆಸರಿನದನ್ನು ತಿಂದರೆ ಹೇಳಲೇಬೇಕಾದ ಮಾತನ್ನು ಹೇಳಿದರು: "ದೇವರು ಅವರನ್ನು ಮನ್ನಿಸಲಿ." ಆಮೇಲೆ ಅಧಿಕಾರಿಯ ಕಡೆ ತಿರುಗಿದರು.

"ರೋಗಿ ಚೆನ್ನಾಗಿದಾನೆ. ಪ್ರಯಾಣ ಮಾಡಬಹುದು."

ಅಧಿಕಾರಿ ಮೀಸೆ ಕಚ್ಚಿಕೊಂಡ. ತಾನೂ ಒಂದು ಎಲೆ ತಿಂದ. ತಮ್ಮ ತಾಯಿ ದ್ಯುಲಾ ಹಾಕುವುದಿಲ್ಲ, ಬೀಟ್‌ರೂಟು ಹಾಕುತ್ತಾರೆ ಎಂದ. ಬೀಟ್‌ರೂಟು ಹಾಕಿದರೆ ಬಣ್ಣ ಬರುತ್ತದೆ, ರುಚಿ ಹೋಗುತ್ತದೆ ಎಂದು ಮುಂದಿನ ಸೀಟಿನ ಮುದುಕ ಅಡ್ಡ ಮಾತಾಡಿದ. ಯಾರು ಹೇಳಿದರು ಎಂದು ಸ್ಟ್ರೆಚರಿನವನು ಕೇಳಿದ. ನೋಡುತ್ತಿದ್ದಂತೆಯೇ ಗಡಿಯ ಎರಡೂ ಕಡೆಯವರು ಉಪ್ಪಿನ ವಿಷಯಕ್ಕೆ ಕೂಗಾಡತೊಡಗಿದರು. ಸ್ಪಾಸ್ ಇದ್ದಿದ್ದರೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಕಡೆಗೆ ಅಧಿಕಾರಿ ಕೈ ಎತ್ತಿದ. ಪೀಪಾಯಿಗೆ ನಿಯಮ ಇದೆ ನಿಜ, ಆದರೆ ಪ್ರಯಾಣಿಕರು ತಮ್ಮ ಊಟಕ್ಕೆಂದು ಒಂದೊಂದು ಕೋಸು ಮಡಿಲಲ್ಲಿ ಇಟ್ಟುಕೊಂಡರೆ ತಾನು ಕಂಡಿಲ್ಲ ಎಂದ. ಬರೀ ನೀರಿರುವ ಪೀಪಾಯಿ ದಾಟಿದರೆ ತನ್ನ ಅಡ್ಡಿಯಿಲ್ಲ ಎಂದ.

ಹೀಗೆ ನನ್ನ ಗಂಡನ ಕೋಸು ಪ್ರಯಾಣಿಕರ ಮಡಿಲಲ್ಲಿ ಕೂತು ಗಡಿ ದಾಟಿತು. ಒಬ್ಬೊಬ್ಬರಿಗೂ ನಾನೇ ತೆಗೆದು ಕೊಟ್ಟೆ. ಒಬ್ಬೊಬ್ಬರೂ ಆ ಮಾತು ಹೇಳಿದರು. ದೇವರು ಅವನನ್ನು ಮನ್ನಿಸಲಿ. ದೇವರು ಅವನನ್ನು ಮನ್ನಿಸಲಿ. ದೊನ್ಕಾ ಕಡೆಯವಳು. ಮುಖ ತಿರುಗಿಸಿಕೊಂಡೇ ಕೈಚಾಚಿದಳು, ಆದರೆ ಎಲ್ಲರಿಗಿಂತ ಜೋರಾಗಿ ಹೇಳಿದಳು.

ದಾಟಿದ ಮೇಲೆ ಕೆಲವರು ವಾಪಸ್ಸು ಕೊಟ್ಟರು. ಕೆಲವರಿಗೆ ನಿದ್ದೆ ಬಂದಿತ್ತು, ಕೋಸನ್ನು ತಬ್ಬಿಕೊಂಡು. ದೊನ್ಕಾಳನ್ನು ಕೇಳಿದರೆ, ಇದು ತಾನು ಅತ್ತದ್ದಕ್ಕೆ ಕೂಲಿ ಎಂದಳು. ಕೂಲಿಗೆ ತಕ್ಕಷ್ಟು ಅತ್ತಿದ್ದಳು. ಟೋಶ್ಕೊ ಪಿರೋಟಿನಲ್ಲಿ ಪೀಪಾಯಿಯನ್ನು ತಾನೇ ಇಳಿಸಿಕೊಟ್ಟ. ಇಳಿಸುವಾಗ ಬಸ್ಸಿಗೆ ಒಂದು ಹನಿಯೂ ಚೆಲ್ಲಲಿಲ್ಲ.

ರೈನಾ ಊರುಗೋಲು ಹಿಡಿದು ಬಾಗಿಲಿಗೆ ಬಂದಳು. ಪೀಪಾಯಿಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಒಂದಷ್ಟು ಕೋಸು ನೀರಿನಲ್ಲಿ ಅನಾಥರಂತೆ ತೇಲುತ್ತಿದ್ದವು.

"ಪೀಪಾಯಿಗೆ ಪೀಪಾಯೀನೇ ತಂದಿದೀಯ ಅತ್ತಿಗೆ. ಪೀಪಾಯಿ ಬಂದಿದೆ. ಕೋಸು ಯಾವ ಬಸ್ಸಿಗೆ ಬರುತ್ತೆ?"

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ಒಂದು ಎಲೆ ತೆಗೆದು ಬೆಳಕಿಗೆ ಹಿಡಿದಳು. ಬೆರಳಿನಲ್ಲಿ ಉಜ್ಜಿದಳು. ಅಗಿದಳು. ತುಂಬ ಹೊತ್ತು ಅಗಿದಳು. ಆಮೇಲೆ ಊರುಗೋಲು ಗೋಡೆಗೆ ಒರಗಿಸಿ ನನ್ನನ್ನು ತಬ್ಬಿಕೊಂಡಳು. ಕೋಸಿನ ಬಗ್ಗೆ ಏನೂ ಹೇಳಲಿಲ್ಲ. ಸಾಕಿತ್ತು.

ಮರುದಿನ ಸರ್ಮಿ ಮಾಡಿದೆವು. ಎಲ್ಲರಿಗೂ ಸಾಲಿತು. ಅಂಗಡಿಯ ಕೋಸು ಬರಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಎದ್ದು, ಅಡುಗೆಮನೆಯ ಹಿಂದೆ ಇಟ್ಟಿದ್ದ ಪೀಪಾಯಿಯ ಮುಂದೆ ಕೂತು ಊದುತ್ತಿದ್ದೆ. ರೈನಾ ಕಾಫಿ ಹಿಡಿದುಕೊಂಡು ಬಂದು ನಿಂತಳು.

"ಏನ್ ಮಾಡ್ತಿದೀಯ?"

"ಊದ್ತಿದೀನಿ."

"ಯಾಕೆ?"

"ದಿನಾ ಊದಬೇಕಲ್ಲ."

"ಮೊದಲ ಎರಡು ಮೂರು ವಾರ ಊದಬೇಕು ಅತ್ತಿಗೆ. ಹುಳಿ ಹಿಡಿದ ಮೇಲೆ ಯಾವಾಗಲೋ ಒಮ್ಮೆ ಊದಿದ್ರೆ ಆಯ್ತು. ದಿನಾ ಊದು ಅಂತ ನಿನಗ್ಯಾರು ಹೇಳಿದ್ರು?"

"ನಿನ್ನಣ್ಣ. ಮಾರ್ಚಿ ತನಕ ಊದ್ತಿದ್ದ. ಒಂದು ದಿನ ಬಿಟ್ಟವನಲ್ಲ."

ರೈನಾ ಕಾಫಿ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಅವಳ ತುಟಿ ನಡುಗುತ್ತಿತ್ತು, ಅಳುತ್ತಾಳೇನೋ ಎಂದುಕೊಂಡೆ.

"ನೆಲಮಾಳಿಗೆಗೆ ಹೋಗಿ? ಒಬ್ಬನೇ? ದಿನಾ ಬೆಳಿಗ್ಗೆ?"

"ಹೂಂ."

"ಕೆನ್ನೆ ಕೆಂಪಗೆ ಮಾಡ್ಕೊಂಡು ಬರ್ತಿದ್ನಾ?"

ನಾನು ಪೈಪು ಕೆಳಗಿಟ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು. ಅವನಿಗೆ ರಕ್ತದೊತ್ತಡ ಎಂದು ಡಾಕ್ಟರು ಹೇಳಿದಾಗಿನಿಂದ ಮನೆಯಲ್ಲಿ ರಾಕಿಯಾ, ಅಂದರೆ ನಮ್ಮ ಕಡೆಯ ಹಣ್ಣಿನ ಸಾರಾಯಿ, ಬಂದ್ ಮಾಡಿದ್ದೆ. ಬಾಟಲಿಗಳೆಲ್ಲ ನನ್ನ ಬಟ್ಟೆಯ ಕಪಾಟಿನಲ್ಲಿ, ಬೀಗದ ಕೈ ನನ್ನ ಕೊರಳಲ್ಲಿ. ಹಬ್ಬಕ್ಕೆ ಒಂದು ಬೆರಳಿನಷ್ಟು ಅಳೆದು ಕೊಡುತ್ತಿದ್ದೆ. ನನಗೆ ಗೊತ್ತಿಲ್ಲದೆ ನಮ್ಮ ಮನೆಯಲ್ಲಿ ಹುಲ್ಲುಕಡ್ಡಿ ಅಲುಗಾಡುವುದಿಲ್ಲ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಎರಡು ವಾರ ಕಳೆದು ಮನೆಗೆ ಬಂದೆ. ಕೋಟು ಕೂಡ ಬಿಚ್ಚದೆ ನೆಲಮಾಳಿಗೆಗೆ ಇಳಿದೆ. ಪೀಪಾಯಿ ಇದ್ದ ಜಾಗದ ಹಿಂದೆ, ಗೋಡೆಯ ಒಂದು ಕಲ್ಲು ಸಡಿಲವಾಗಿತ್ತು. ಎಳೆದೆ. ಒಂದು ಬಾಟಲಿ. ಕುತ್ತಿಗೆಗೆ ಪುಟ್ಟ ಲೋಟ ಬೋರಲು ಹಾಕಿತ್ತು, ಒರೆಸಿ ಇಟ್ಟದ್ದು. ಮುಚ್ಚಳ ತೆಗೆದು ಮೂಸಿದೆ.

ದ್ಯುಲಾ ಹಣ್ಣಿನ ರಾಕಿಯಾ.

ಮೆಟ್ಟಿಲ ಮೇಲೆ ಕೂತು ನಕ್ಕೆ. ಆಮೇಲೆ ಅತ್ತೆ. ಆಮೇಲೆ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮದುವೆಯಾದಾಗಿನಿಂದ ಅಷ್ಟು ಚೆನ್ನಾಗಿ ಬೈದಿರಲಿಲ್ಲ.

ಈ ವರ್ಷ ಕೋಸು ನಾನೇ ಹಾಕಿದೆ. ದ್ಯುಲಾ ಎರಡು ಇಟ್ಟೆ. ಅದು ಹುಳಿ ಹಿಡಿದು ಎಷ್ಟೋ ಕಾಲವಾಯಿತು, ಊದುವ ಅಗತ್ಯವೇನೂ ಇಲ್ಲ. ಆದರೂ ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಇಳಿಯುತ್ತೇನೆ. ಪೈಪು ಬಾಯಿಗಿಟ್ಟು ಎರಡು ಸಲ ಊದುತ್ತೇನೆ. ಕಲ್ಲು ಸರಿಸಿ ಬಾಟಲಿ ತೆಗೆಯುತ್ತೇನೆ. ನೆಲದ ಮೇಲೆ ಒಂದು ಹನಿ ಅವನಿಗೆ. ಪುಟ್ಟ ಲೋಟದಲ್ಲಿ ಒಂದು ಗುಟುಕು ನನಗೆ. ಲೋಟ ಒರೆಸಿ ಬೋರಲು ಹಾಕಿ ಮೇಲೆ ಬರುತ್ತೇನೆ.

ಬೇಲಿಯಾಚೆಯಿಂದ ಕಿರೋ ಕೇಳುತ್ತಾನೆ, ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ಮುಖ ಟೊಮೇಟೊ ಆಗಿದೆ ಎಂದು.

"ಕೋಸು ಊದೋದು ಅಂದ್ರೆ ಸುಮ್ನೆನಾ?" ಎನ್ನುತ್ತೇನೆ.